ಗದಗಿನಲ್ಲಿ ಮೂರು ತಿಂಗಳ ಸಿಟಿ ಸ್ಕ್ಯಾನ್ ಕೆಲಸ ಸಿಕ್ಕಿದೆ. ಹೋಗಲಾ, ಬೇಡವಾ?

ನವನಗರದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ನವನಗರದವನು. ಡಿಎಂಐಟಿ (ಎಕ್ಸ್‌ರೇ, ಸ್ಕ್ಯಾನಿಂಗ್ ಡಿಪ್ಲೊಮಾ) ಮುಗಿಸಿ ಎರಡು ವರ್ಷವಾಯಿತು. ಇಲ್ಲೇ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಕ್ಸ್‌ರೇ, ಸಿಟಿ ಎರಡನ್ನೂ ನೋಡಿಕೊಳ್ಳುತ್ತೇನೆ. ತಿಂಗಳಿಗೆ 17 ಸಾವಿರ. ಪಿಎಫ್, ಇಎಸ್‌ಐ ಇದೆ.

ಹೋದ ವಾರ ಒಂದು ಏಜೆನ್ಸಿಯಿಂದ ಫೋನ್ ಬಂತು. ಗದಗಿನಲ್ಲಿ ಸಿಟಿ ನೋಡುವವರೊಬ್ಬರು ರಜೆ ಮೇಲೆ ಹೋಗುತ್ತಿದ್ದಾರಂತೆ. ಅವರ ಜಾಗಕ್ಕೆ ಮೂರು ತಿಂಗಳು. ಅದು ಮುಗಿದ ಮೇಲೆ ಹಾವೇರಿ ಕಡೆ ಇನ್ನೊಂದು ಕೊಡುತ್ತೇವೆ ಎನ್ನುತ್ತಾರೆ. ತಿಂಗಳಿಗೆ 26 ಸಾವಿರ. ಪಿಎಫ್ ಇಲ್ಲ. ಶೇ 10 ತೆರಿಗೆ, ಅಂದರೆ ಟಿಡಿಎಸ್, ಮುರಿದುಕೊಳ್ಳುತ್ತಾರೆ. ರೂಮು ನಾವೇ ನೋಡಿಕೊಳ್ಳಬೇಕು.

ನನಗೆ ಆಸೆ ಇರುವುದು ಮಷೀನ್ ಮೇಲೆ. ಇಲ್ಲಿ 16 ಸ್ಲೈಸ್, ಅಂದರೆ ಒಂದು ಸುತ್ತಿಗೆ 16 ಪದರದ ಚಿತ್ರ. ಅಲ್ಲಿ 128. ಹೃದಯದ ಆಂಜಿಯೋ ಸಹ ಮಾಡುತ್ತಾರೆ. ಆದರೆ ಅವ್ವನಿಗೆ ಮನಸ್ಸಿಲ್ಲ. ಇದ್ದ ಕೆಲಸ ಬಿಟ್ಟು ಊರೂರು ತಿರುಗುವುದು ಯಾಕೆ ಎನ್ನುತ್ತಾಳೆ. ಹೀಗೆ ಗುತ್ತಿಗೆ ಮೇಲೆ ತಿರುಗಿ ದುಡಿದವರು ಇದ್ದರೆ ದಯವಿಟ್ಟು ಹೇಳಿ.

ರಾಣೆಬೆನ್ನೂರು ನೈಟ್ ಡ್ಯೂಟಿ:

26 ಸಾವಿರ ಅಂದರೆ ಇನ್ನೇನು ಯೋಚನೆ? ಹೋಗಿ. ಮದುವೆ ಆದ ಮೇಲೆ ಹೀಗೆ ತಿರುಗುವುದು ಕಷ್ಟ.

ಮುಂಡರಗಿ ಸಿಟಿ:

ತಮ್ಮಾ, ಆರು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಗದಗ, ಹಾವೇರಿ, ಧಾರವಾಡ, ನಡುವೆ ಎರಡು ಸಲ ಕೊಪ್ಪಳ. ಎಲ್ಲ ಸೇರಿ ಹನ್ನೊಂದು ಕಡೆ. ಹೋಗಬೇಡ ಎಂದು ಹೇಳುವುದಿಲ್ಲ. ಸಂಬಳದ ಮಾತು ಆಮೇಲೆ ಆಡೋಣ. ಮೊದಲು ಏಜೆನ್ಸಿಯವರಿಗೆ ಒಂದೇ ಒಂದು ಪ್ರಶ್ನೆ ಕೇಳು: ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ನನ್ನ ಹೆಸರಿನಲ್ಲಿ ಬರುತ್ತದಾ, ಯಾವತ್ತು ಬರುತ್ತದೆ?

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ ನನಗೆ ಆದದ್ದು ಹೀಗೆ. ನನ್ನ ಮೂರನೇ ಜಾಗ. ಆಸ್ಪತ್ರೆಯ ಹೆಸರು, ಊರು ಇಲ್ಲಿ ಬೇಡ. ಸೇರಿದ ದಿನ ಡ್ರಾಯರ್‌ನಿಂದ ಒಂದು ಬ್ಯಾಡ್ಜ್ ತೆಗೆದು ಕೊಟ್ಟರು. ಅದರ ಮೇಲೆ ಕೆಲಸ ಬಿಟ್ಟು ಹೋದವರ ಹೆಸರಿತ್ತು. ನಿಮ್ಮದು ಬರುವ ತನಕ ಇದನ್ನೇ ಹಾಕಿಕೊಳ್ಳಿ ಎಂದರು. ನಾನೂ ಹಾಕಿಕೊಂಡೆ. ಮೂರು ತಿಂಗಳದು ಒಂಬತ್ತು ತಿಂಗಳಾಯಿತು. ಅಲ್ಲಿ ಸಿಟಿ ಜೊತೆಗೆ ಮೂಳೆ ಡಾಕ್ಟರ ಆಪರೇಷನ್‌ಗೆ ಸಿ-ಆರ್ಮ್ (ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಯಂತ್ರ) ಹಿಡಿದು ನಿಲ್ಲುವುದೂ ನನ್ನ ಪಾಲಿಗೇ ಇತ್ತು. ಬಿಡುವಾಗ ನನ್ನ ಡೋಸ್ ರಿಪೋರ್ಟ್ ಕೊಡಿ ಎಂದು ಕೇಳಿದೆ. ನಿಮ್ಮ ಹೆಸರೇ ನಮ್ಮಲ್ಲಿ ಇಲ್ಲವಲ್ಲ ಎಂದರು. ಒಂಬತ್ತು ತಿಂಗಳು ನನ್ನ ಮೈ ಮೇಲೆ ಬಿದ್ದದ್ದು ಬೇರೆ ಯಾರದೋ ಲೆಕ್ಕಕ್ಕೆ ಹೋಗಿದೆ. ಅವರು ಆಗ ಇನ್ನೊಂದು ಕಡೆ ದುಡಿಯುತ್ತಿದ್ದರು. ಅವರ ಲೆಕ್ಕವೂ ಕೆಟ್ಟಿತು, ನನ್ನದೂ ಕೆಟ್ಟಿತು. ಅದನ್ನು ಇವತ್ತಿಗೂ ಸರಿ ಮಾಡಲು ಆಗಿಲ್ಲ.

ಗೊತ್ತಿಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ. ಬ್ಯಾಡ್ಜ್ ಒಳಗೆ ಮೂರು ಸಣ್ಣ ಬಿಲ್ಲೆ ಇರುತ್ತವೆ. ಮೈಗೆ ಬಿದ್ದ ವಿಕಿರಣ ಅವುಗಳಲ್ಲಿ ಉಳಿದುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಹೋಗುತ್ತದೆ. ಅಲ್ಲಿ ಬಿಸಿ ಮಾಡಿದಾಗ ಬರುವ ಬೆಳಕನ್ನು ಅಳೆದು ಡೋಸ್ ಎಷ್ಟು ಎಂದು ಬರೆಯುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ನಾವೆಲ್ಲ ಎಇಆರ್‌ಬಿ ಎನ್ನುವುದು, ನಮ್ಮಂಥವರಿಗೆ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಿಟಿ ಕನ್ಸೋಲ್ ಹಿಂದೆ ಕೂತವನಿಗೆ ಅಷ್ಟೇನೂ ಬೀಳುವುದಿಲ್ಲ, ಹೆದರಬೇಡ. ಆದರೆ "ಐದು ವರ್ಷದ ಸರಾಸರಿ" ಎನ್ನುವುದನ್ನು ಸ್ವಲ್ಪ ಗಮನಿಸು. ಮೂರು ತಿಂಗಳಿಗೊಂದು ಊರು ಬದಲಿಸುವವನಿಗೆ ಐದು ವರ್ಷ ಎಂದರೆ ಇಪ್ಪತ್ತು ಊರು. ಅಷ್ಟೂ ಕಡೆಯದನ್ನು ಕೂಡಿಸುವುದು ನಿನ್ನ ಬ್ಯಾಡ್ಜ್ ನಂಬರ್ ಒಂದೇ. ಮೊದಲ ಸಲ ಕೊಟ್ಟ ಆ ನಂಬರ್ ನಿನ್ನ ಜೊತೆಗೇ ಇರುತ್ತದೆ. ಹೊಸ ಕಡೆ ಸೇರುವಾಗ ಅದನ್ನೇ ಕೊಡಬೇಕು. ಕೊಡದಿದ್ದರೆ ಹೊಸ ನಂಬರ್ ಬರುತ್ತದೆ, ಲೆಕ್ಕ ಎರಡು ತುಂಡಾಗುತ್ತದೆ.

ಇನ್ನು ಮಷೀನ್ ಮಾತು. ಹೊಸ ಕಡೆ ಮೊದಲ ದಿನ ನಾನು ಪ್ರೊಟೋಕಾಲ್ ಪಟ್ಟಿ, ಅಂದರೆ ಯಾವ ಸ್ಕ್ಯಾನ್ ಹೇಗೆ ಮಾಡಬೇಕು ಎನ್ನುವ ಪಟ್ಟಿ, ನೋಡುವುದಿಲ್ಲ. ಕೋಣೆಯನ್ನು ಸುತ್ತು ಹಾಕುತ್ತೇನೆ. ಎಮರ್ಜೆನ್ಸಿ ಸ್ಟಾಪ್ ಬಟನ್ ಎಲ್ಲೆಲ್ಲಿದೆ, ಆಕ್ಸಿಜನ್ ಎಲ್ಲಿದೆ, ಎಮರ್ಜೆನ್ಸಿ ಟ್ರಾಲಿಯಲ್ಲಿ ಅಡ್ರಿನಾಲಿನ್ ಇದೆಯಾ, ಅದರ ತಾರೀಖು ಮುಗಿದಿದೆಯಾ, ಬಾಗಿಲ ಮೇಲಿನ ಕೆಂಪು ದೀಪ ಹತ್ತುತ್ತದಾ, ಸೀಸದ ಏಪ್ರನ್ ಮಡಚಿ ಇಟ್ಟಿದ್ದಾರಾ ನೇತು ಹಾಕಿದ್ದಾರಾ. ಮಡಚಿದ ಏಪ್ರನ್ ಒಳಗೆ ಸೀಳಿರುತ್ತದೆ. ಹೊರಗೆ ಕಾಣುವುದಿಲ್ಲ. ಆಮೇಲೆ ಹಳಬರ ಪಕ್ಕ ಎರಡು ದಿನ ಕೂತುಕೊಳ್ಳುತ್ತೇನೆ. ಆ ಎರಡು ದಿನಕ್ಕೂ ಸಂಬಳ ಕೊಡಿ ಎಂದು ಮೊದಲೇ ಮಾತಾಡಿರುತ್ತೇನೆ.

ಕೊನೆಗೆ ಒಂದು. ಬಹಳ ಕಡೆ ಸಿಟಿ ಮಷೀನ್ ತಾನೇ ಹೇಳುವ "ಉಸಿರು ಹಿಡಿಯಿರಿ" ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇರುತ್ತದೆ. ರೋಣದ ಕಡೆಯಿಂದ ಬಂದ ಅಜ್ಜಿ ಆ ಕೊಳವೆಯೊಳಗೆ ಮಲಗಿ, ಗೊತ್ತಿಲ್ಲದ ಭಾಷೆ ಕೇಳಿ ಇನ್ನೂ ಜೋರಾಗಿ ಉಸಿರಾಡಲು ಶುರು ಮಾಡುತ್ತಾಳೆ. ಶ್ವಾಸಕೋಶದ ಕೆಳಭಾಗ ಎಲ್ಲ ಕಲಸಿದಂತೆ ಬರುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಈ ಮಷೀನ್‌ಗಳಲ್ಲಿ ನಮ್ಮ ಧ್ವನಿ ರೆಕಾರ್ಡ್ ಮಾಡಲು ಬರುತ್ತದೆ. ನಾನು ಹೋದ ಕಡೆಯೆಲ್ಲ ಮೊದಲ ವಾರವೇ ಮಾಡಿಬಿಡುತ್ತೇನೆ. "ಉಸಿರು ಜಗ್ಗ್ರಿ... ಹಿಡಕೋರಿ, ಹಂಗ ಇರ್ರಿ... ಈಗ ಬಿಡ್ರಿ." ಅಷ್ಟೇ. ಅಜ್ಜಿಗೆ ಪಕ್ಕದ ಮನೆಯವರು ಮಾತಾಡಿದಂತೆ ಕೇಳಿಸುತ್ತದೆ. ನೀನೂ ಮಾಡು.

ಕಪ್ಪು ಫಿಲಂ:

ನಾನು ಧಾರವಾಡದವನು. ಈ ಕೆಲಸಕ್ಕೆ ಸೇರಿ 28 ವರ್ಷವಾಯಿತು. ಡಾರ್ಕ್ ರೂಮಿನಲ್ಲಿ ಕೆಂಪು ದೀಪದ ಕೆಳಗೆ ಕೈಯಾರೆ ಫಿಲಂ ತೊಳೆದು, ಕ್ಲಿಪ್ ಹಾಕಿ ಒಣಗಿಸಿದವನು. ಮುಂಡರಗಿಯವರು ಹೇಳಿದ್ದು ಸರಿ ಇದೆ. ಆದರೂ ಈ ತಿರುಗುವ ಪದ್ಧತಿ ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಕಾರಣ ಇದು. ಆಗ ಒಂದು ಎಕ್ಸ್‌ರೇ ಕೆಟ್ಟರೆ ಒಂದು ಫಿಲಂ ಹೋಗುತ್ತಿತ್ತು. ಸಂಜೆ ಫಿಲಂ ಎಣಿಸುವಾಗ ಲೆಕ್ಕ ಕೇಳುತ್ತಿದ್ದರು. ಹೀಗಾಗಿ ಹತ್ತು ಸಲ ನೋಡಿ ಬಟನ್ ಒತ್ತುತ್ತಿದ್ದೆವು. ಈಗ ಡಿಜಿಟಲ್. ಸರಿ ಬರದಿದ್ದರೆ ಅಳಿಸಿ ಇನ್ನೊಂದು ತೆಗೆಯುತ್ತಾರೆ. ಫಿಲಂ ಹೋಗುವುದಿಲ್ಲ, ಯಾರೂ ಕೇಳುವುದಿಲ್ಲ. ಆದರೆ ಎರಡನೇ ಸಲದ ಡೋಸ್ ಪೇಷಂಟ್ ಮೈಗೆ ಹೋಗಿಯೇ ಹೋಗುತ್ತದೆ. ಮೂರು ತಿಂಗಳಿಗೆ ಬಂದು ಹೋಗುವವರು ಕಲಿಯುವಷ್ಟರಲ್ಲಿ ಇಂಥ ರಿಪೀಟ್ ಜಾಸ್ತಿ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗುವಿನ ಎದೆ ಎಕ್ಸ್‌ರೇಗೆ ನಾಲ್ಕು ಸಲ ಒತ್ತಿದ್ದನ್ನು ನೋಡಿದ್ದೇನೆ. ಆ ದಿನ ಊಟ ಸೇರಲಿಲ್ಲ ನನಗೆ.

ಕಾಯಂ ಜನ ಇರಬೇಕು. ಆಸ್ಪತ್ರೆಗಳು ದುಡ್ಡು ಉಳಿಸಲು ಕಾಯಂ ಜಾಗ ತುಂಬುತ್ತಿಲ್ಲ. ನಾವು ಗುತ್ತಿಗೆಗೆ ಒಪ್ಪಿಕೊಂಡಷ್ಟೂ ಅವರಿಗೆ ಅದೇ ರೂಢಿಯಾಗುತ್ತದೆ.

ಮುಂಡರಗಿ ಸಿಟಿ:

ಅಣ್ಣಾ, ಕಾಯಂ ಜಾಗ ಸಿಕ್ಕಿದ್ದರೆ ನಾನು ಯಾಕೆ ತಿರುಗುತ್ತಿದ್ದೆ ಹೇಳಿ. ಆದರೆ ರಿಪೀಟ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದಕ್ಕೇ ಆ ಎರಡು ದಿನ ಬೇಕು ಎನ್ನುವುದು. ಬೆಳಿಗ್ಗೆ ಬಸ್ ಇಳಿದು ಹತ್ತು ಗಂಟೆಗೆ ಪೇಷಂಟ್ ತಗೊಳ್ಳಿ ಎಂದರೆ ಯಾರಿಂದಲೂ ಆಗುವುದಿಲ್ಲ. ತಪ್ಪು ತಿರುಗುವವನದು ಅಷ್ಟೇ ಅಲ್ಲ, ಹಾಗೆ ತಳ್ಳುವವರದೂ ಹೌದು.

ಆ ಮಗುವಿನ ಮಾತು ಓದಿ ನನಗೂ ಬೇಜಾರಾಯಿತು.

ಬ್ಯಾಡಗಿ ಅಕ್ಕ:

ನಾನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡಿದೆ. ಇಲ್ಲಿ ಹೆಣ್ಣುಮಕ್ಕಳೂ ಓದುತ್ತಾರೆ, ಹಾಗಾಗಿ ಬರೆಯುತ್ತೇನೆ.

ನಾನು ನಾಲ್ಕು ವರ್ಷ ಹಾವೇರಿ ಜಿಲ್ಲೆಯಲ್ಲೇ ತಿರುಗಿದ್ದೇನೆ. ಹಾನಗಲ್ಲು, ಶಿಗ್ಗಾವಿ, ಹಾವೇರಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚು ಉಳಿಯಿತು, ರೂಮು ಮಾಡುವುದು ಬಿಟ್ಟು ಮನೆಯಿಂದಲೇ ಓಡಾಡಿದೆ. ಮೆಣಸಿನಕಾಯಿ ಸೀಜನ್‌ನಲ್ಲಿ ಬ್ಯಾಡಗಿಯಿಂದ ಬಸ್ ಹತ್ತುವುದು ಎಂದರೆ ಒಂದು ಯುದ್ಧ. ಆದರೂ ರಾತ್ರಿ ಮನೆಯಲ್ಲಿ ಮಲಗುವ ನೆಮ್ಮದಿ ಬೇರೆ.

ಹೊಟ್ಟೆಯಲ್ಲಿ ಮಗು ಇದೆ ಎಂದು ಗೊತ್ತಾದಾಗ ನನಗೆ ಎರಡನೇ ತಿಂಗಳು. ಎಇಆರ್‌ಬಿ ನಿಯಮ ಸ್ಪಷ್ಟವಾಗಿದೆ. ಬಸುರಿ ಎಂದು ತಿಳಿಸಿದ ಮೇಲೆ ಹೆರಿಗೆ ತನಕ ಮಗುವಿಗೆ 1 ಮಿಲಿಸೀವರ್ಟ್ ದಾಟದಂತೆ ಕೆಲಸ ಕೊಡಬೇಕು. ಕೆಲಸದಿಂದ ತೆಗೆಯಿರಿ ಎಂದು ಎಲ್ಲೂ ಇಲ್ಲ. ನಾನು ಬರೆದು ಕೊಟ್ಟೆ. ಸಿ-ಆರ್ಮ್ ಬೇಡ, ಕನ್ಸೋಲ್‌ನಲ್ಲಿ ಕೂರುತ್ತೇನೆ ಎಂದೆ. ಆಯಿತು ಎಂದರು. ಮುಂದಿನ ವಾರ ಗುತ್ತಿಗೆ ಮುಗಿಯುವುದಿತ್ತು. ಮುಂದುವರಿಸಲಿಲ್ಲ. ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಆಗ ನನ್ನ ಕೈ ಹಿಡಿದದ್ದು ಇಎಸ್‌ಐ. ಬೇರೆ ಬೇರೆ ಕಡೆ ದುಡಿದಿದ್ದರೂ ಇಎಸ್‌ಐ ನಂಬರ್ ಒಂದೇ ಇತ್ತು. ಹಿಂದಿನ ಎರಡು ಅವಧಿಯಲ್ಲಿ 70 ದಿನ ವಂತಿಗೆ ಕಟ್ಟಿದ್ದರೆ 26 ವಾರದ ಹೆರಿಗೆ ಭತ್ಯೆ ಸಿಗುತ್ತದೆ. ನನಗೆ ಸಿಕ್ಕಿತು. ಸಂಬಳ ಜಾಸ್ತಿ ಕೊಡುತ್ತೇವೆ, ಇಎಸ್‌ಐ ಬೇಡ ಎನ್ನುವ ಏಜೆನ್ಸಿಗೆ ಆವತ್ತು ಒಪ್ಪಿಕೊಂಡಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ತಂಗಿಯರೇ, ಇದನ್ನು ಮಾತ್ರ ಬಿಡಬೇಡಿ.

ರಾಣೆಬೆನ್ನೂರು ನೈಟ್ ಡ್ಯೂಟಿ:

ಅಕ್ಕಾ, ನಿಮ್ಮ ಮಾತು ಓದಿ ಸುಮ್ಮನೆ ಕೂತೆ. ನಾನು ಮೊದಲು ಆತುರದಲ್ಲಿ ಬರೆದುಬಿಟ್ಟೆ.

ನನಗೂ ಹೇಳುವುದು ಒಂದಿದೆ. ಹೈವೇ ಪಕ್ಕದ ಊರುಗಳಲ್ಲಿ ರಾತ್ರಿ ತಲೆ ಸಿಟಿ ಬರುತ್ತಲೇ ಇರುತ್ತವೆ. ಬೈಕು, ಲಾರಿ, ಕಬ್ಬಿನ ಟ್ರ್ಯಾಕ್ಟರು. ಅದರಲ್ಲಿ ತೊಂದರೆ ಇಲ್ಲ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತಕ್ಕೆ ಕೊಡುವ ಔಷಧ) ಬೇಕಿಲ್ಲ, ಐದು ನಿಮಿಷದ ಕೆಲಸ. ಆದರೆ ಒಂದು ಕಡೆ ರಾತ್ರಿ ಎರಡು ಗಂಟೆಗೆ ಹೊಟ್ಟೆ ಸಿಟಿಗೆ ಕಾಂಟ್ರಾಸ್ಟ್ ನೀನೇ ಕೊಡು, ಡಾಕ್ಟರು ಫೋನ್‌ನಲ್ಲಿ ಇರುತ್ತಾರೆ ಎಂದರು. ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಕೂಡ ಇರಲಿಲ್ಲ. ನಾನು ಒಪ್ಪಲಿಲ್ಲ. ಡಾಕ್ಟರು ಬರುವ ತನಕ ಇಂಜೆಕ್ಟರ್ ಮುಟ್ಟುವುದಿಲ್ಲ ಎಂದೆ. ಕಾಂಟ್ರಾಸ್ಟ್ ಹೋದ ಎರಡು ನಿಮಿಷದಲ್ಲಿ ಗಂಟಲು ಬಿಗಿದು ಉಸಿರು ಕಟ್ಟಿದರೆ ಫೋನ್‌ನಲ್ಲಿರುವವರು ಏನು ಮಾಡಲು ಆಗುತ್ತದೆ? ಗುತ್ತಿಗೆಯವನು ಎಂದರೆ ಎಲ್ಲಕ್ಕೂ ಹೂಂ ಎನ್ನುತ್ತಾನೆ ಎಂದುಕೊಂಡಿರುತ್ತಾರೆ.

ಇನ್ನೊಂದು. ಅಲ್ಟ್ರಾಸೌಂಡ್ ಪ್ರೋಬ್ ಹಿಡಿ ಎಂದು ಯಾರಾದರೂ ಹೇಳಿದರೆ ಆ ಕೋಣೆಯಿಂದಲೇ ಹೊರಗೆ ಬಾ. 1994ರ ಲಿಂಗಪತ್ತೆ ತಡೆ ಕಾಯ್ದೆ ಇದೆ. ಅದು ಅರ್ಹ ಡಾಕ್ಟರು ಮಾಡುವ ಕೆಲಸ. ಸಿಕ್ಕಿಬಿದ್ದರೆ ಜೈಲು, ಏಜೆನ್ಸಿ ನಿನ್ನ ಪರ ಬರುವುದಿಲ್ಲ.

ಲೆಕ್ಕದ ಟೇಬಲ್:

ನಾನು ಟೆಕ್ನಿಷಿಯನ್ ಅಲ್ಲ, ಆಸ್ಪತ್ರೆಯೊಂದರಲ್ಲಿ ಸಂಬಳದ ಲೆಕ್ಕ ಮಾಡುವವನು. ಹುಡುಗರು 17 ಮತ್ತು 26 ಎರಡೇ ಅಂಕಿ ನೋಡುತ್ತಾರೆ. ಬಿಡಿಸಿ ನೋಡೋಣ.

ನಿಮ್ಮ 17 ಸಾವಿರದಲ್ಲಿ ಮೂಲ ವೇತನ 15 ಸಾವಿರ ಎಂದುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ ಶೇ 12, ಅಂದರೆ 1,800. ಅವರ ಪಾಲಿನ ಇಎಸ್‌ಐ ಶೇ 3.25, ಸುಮಾರು 552. ಎಲ್ಲ ಸೇರಿದರೆ ನಿಮ್ಮ ಮೇಲೆ ಅವರು ತಿಂಗಳಿಗೆ 19,350ರಷ್ಟು ಹಾಕುತ್ತಿದ್ದಾರೆ. ಅತ್ತ 26 ಸಾವಿರದಲ್ಲಿ 2,600 ಟಿಡಿಎಸ್ ಹೋಗಿ ಕೈಗೆ 23,400. ಆ 2,600 ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಬಹಳ ಹುಡುಗರು ಹಾಕುವುದೇ ಇಲ್ಲ, ದುಡ್ಡು ಅಲ್ಲೇ ಉಳಿಯುತ್ತದೆ. ಗದಗಿನಲ್ಲಿ ರೂಮು, ಖಾನಾವಳಿ ಊಟ ಸೇರಿ ಆರೇಳು ಸಾವಿರ ಹಿಡಿದರೆ ಎರಡೂ ಹತ್ತಿರಹತ್ತಿರ ಒಂದೇ ಆಗುತ್ತದೆ. ಹುಬ್ಬಳ್ಳಿಯಿಂದ ರೈಲಿನ ತಿಂಗಳ ಪಾಸ್ ಮಾಡಿಸಿ ಓಡಾಡಿದರೆ ಮಾತ್ರ ನಿಮಗೆ ಲಾಭ.

ಇನ್ನು ಒಂದು ಮಾತು ಕೈ ಮುಗಿದು ಕೇಳುತ್ತೇನೆ. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆಯಬೇಡಿ. 10 ವರ್ಷದ ಸೇವೆ ಕೂಡಿದರೆ ಪಿಂಚಣಿಗೆ ಅರ್ಹರಾಗುತ್ತೀರಿ. ತುಂಡು ತುಂಡು ಸೇವೆಯೂ ಒಂದೇ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಕೆಳಗೆ ಕೂಡುತ್ತದೆ. ತೆಗೆದುಕೊಂಡರೆ ಆ ವರ್ಷಗಳು ಹೋದವು ಎಂದೇ ಲೆಕ್ಕ. ಮತ್ತೆ, ಗುತ್ತಿಗೆದಾರನ ಕೆಳಗೆ ದುಡಿಯುವವರಿಗೆ ಅವನು ಸಂಬಳ ಬಾಕಿ ಇಟ್ಟರೆ, ಕೆಲಸ ಮಾಡಿಸಿಕೊಂಡ ಆಸ್ಪತ್ರೆಯೇ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಅದಕ್ಕೆ ನೀವು ಅಲ್ಲಿ ದುಡಿದ ದಾಖಲೆ ಬೇಕು. ಹಾಜರಿ ಪುಸ್ತಕದಲ್ಲಿ ದಿನಾ ಸಹಿ ಮಾಡಿ, ತಿಂಗಳಿಗೊಮ್ಮೆ ಫೋಟೋ ತೆಗೆದು ಇಟ್ಟುಕೊಳ್ಳಿ.

ದೂರದ ಕುಂದಗೋಳದವ:

ನಾನು ಅಮೆರಿಕದಲ್ಲಿದ್ದೇನೆ, ನನ್ನ ಹೆಂಡತಿ ಇಲ್ಲಿ ಸಿಟಿ ಟೆಕ್ನಾಲಜಿಸ್ಟ್. ಇಲ್ಲಿಯೂ ಹೀಗೆ ತಿರುಗುವವರು ಬಹಳ ಇದ್ದಾರೆ. ಸಾಮಾನ್ಯವಾಗಿ 13 ವಾರದ ಕರಾರು. ಎಆರ್‌ಆರ್‌ಟಿ ಎನ್ನುವ ಇಲ್ಲಿನ ಟೆಕ್ನಾಲಜಿಸ್ಟ್‌ಗಳ ಸಂಸ್ಥೆಯ ಸರ್ಟಿಫಿಕೇಟ್ ಬೇಕು, ಬಹಳಷ್ಟು ರಾಜ್ಯಗಳಲ್ಲಿ ಅಲ್ಲಿನ ಲೈಸೆನ್ಸ್ ಬೇರೆ. ಮನೆ ಬಾಡಿಗೆಗೆ, ಊಟಕ್ಕೆ ಬೇರೆ ಹಣ ಕೊಡುತ್ತಾರೆ. ವಾರಕ್ಕೆ ಎಷ್ಟು ಗಂಟೆ, ನಡುವೆ ತೆಗೆದರೆ ಏನು ಎನ್ನುವುದನ್ನು ಕಾಗದದಲ್ಲಿ ಬರೆಸಿಕೊಂಡೇ ಹೊರಡುತ್ತಾರೆ. ನಮ್ಮ ಕಡೆ ಫೋನ್‌ನಲ್ಲಿ ಹೇಳಿದ್ದೇ ಕರಾರು ಎನ್ನುವಂತೆ ಆಗಿದೆ. ತಮ್ಮಾ, ಒಂದು ಪುಟವಾದರೂ ಬರೆಸಿಕೋ.

ಧಾರವಾಡ ಎಂಆರ್‌ಐ:

ಎಂಆರ್‌ಐಗೂ ಹಾಕುತ್ತೇವೆ ಎಂದರೆ ತರಬೇತಿ ಇಲ್ಲದೆ ಹೋಗಬೇಡ. ಆಯಸ್ಕಾಂತ ರಾತ್ರಿ ಹಗಲು ಆನ್ ಇರುತ್ತದೆ, ಸ್ಕ್ಯಾನ್ ಇಲ್ಲದಾಗಲೂ. ಹೊಸ ಕಡೆ ವಾರ್ಡ್ ಬಾಯ್, ಆಯಾ, ಯಾರಿಗೆ ಏನು ಗೊತ್ತಿದೆ ಎಂದು ನಿನಗೆ ಗೊತ್ತಿರುವುದಿಲ್ಲ. ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ತಳ್ಳಿಕೊಂಡು ಒಳಗೆ ಬಂದುಬಿಡುತ್ತಾರೆ. ಬಾಗಿಲಲ್ಲಿ ನೀನೇ ನಿಲ್ಲಬೇಕು.

ನವನಗರದ ಹುಡುಗ:

ಅಣ್ಣಂದಿರಿಗೆ, ಅಕ್ಕನಿಗೆ ಬಹಳ ಉಪಕಾರವಾಯಿತು. ಏಜೆನ್ಸಿಗೆ ಬ್ಯಾಡ್ಜ್ ಬಗ್ಗೆ ಕೇಳಿದೆ. ಮೊದಲ ಮೂರು ತಿಂಗಳು ಸೆಂಟರ್‌ನ ಸ್ಪೇರ್ ಬ್ಯಾಡ್ಜ್ ಹಾಕಿಕೊಳ್ಳಿ, ಮುಂದುವರಿದರೆ ನಿಮ್ಮ ಹೆಸರಲ್ಲಿ ಮಾಡಿಸುತ್ತೇವೆ ಎಂದರು. ಇದು ಸರಿಯಾ?

ಮುಂಡರಗಿ ಸಿಟಿ:

ಸರಿ ಅಲ್ಲ. ಸ್ಪೇರ್ ಎಂದರೆ ಬಹುಶಃ ಕಂಟ್ರೋಲ್ ಬ್ಯಾಡ್ಜ್. ಅದು ವಿಕಿರಣ ಇಲ್ಲದ ಜಾಗದಲ್ಲಿ ಇಡಬೇಕಾದದ್ದು. ಉಳಿದ ಬ್ಯಾಡ್ಜ್‌ಗಳನ್ನೆಲ್ಲ ಅದಕ್ಕೆ ಹೋಲಿಸಿ ಓದುತ್ತಾರೆ. ಅದನ್ನು ಎದೆಗೆ ಹಾಕಿಕೊಂಡು ಸಿಟಿ ಮಾಡಿದರೆ ಆ ಸೆಂಟರ್‌ನ ಎಲ್ಲರ ಲೆಕ್ಕವೂ ಕೆಡುತ್ತದೆ. ಏಜೆನ್ಸಿ ಹತ್ತಿರ ವಾದ ಮಾಡಬೇಡ, ಅವರಿಗೆ ಇದು ಗೊತ್ತಿರುವುದಿಲ್ಲ. ಸೆಂಟರ್‌ನಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಅಂತ ಒಬ್ಬರು ಇರಲೇಬೇಕು, ಆರ್‌ಎಸ್‌ಒ. ಅವರ ಹತ್ತಿರ ನೇರವಾಗಿ ಮಾತಾಡು. ನಿನ್ನ ಈಗಿನ ನಂಬರ್ ಕೊಡು.

ಕಪ್ಪು ಫಿಲಂ:

ಬ್ಯಾಡ್ಜ್ ಬಂದ ಮೇಲೂ ಒಂದು ಜಾಗ್ರತೆ. ಏಪ್ರನ್ ಒಳಗೆ, ಎದೆ ಮಟ್ಟದಲ್ಲಿ ಹಾಕು. ಡ್ಯೂಟಿ ಮುಗಿದ ಮೇಲೆ ಏಪ್ರನ್‌ಗೆ ಸಿಕ್ಕಿಸಿ ಎಕ್ಸ್‌ರೇ ಕೋಣೆಯಲ್ಲೇ ಬಿಟ್ಟು ಬರಬೇಡ. ನಾನು ಒಮ್ಮೆ ಹಾಗೆ ಬಿಟ್ಟು ನಾಲ್ಕು ದಿನ ಊರಿಗೆ ಹೋಗಿದ್ದೆ. ಆ ಸಲದ ರೀಡಿಂಗ್ ವಿಪರೀತ ಬಂದು, ವಿವರಣೆ ಕೇಳಿ ಪತ್ರ ಬಂತು. ರಕ್ತ ಪರೀಕ್ಷೆಗೂ ಹೋಗಿ ಬಂದೆ. ಮನೆಯಲ್ಲಿ ಎಲ್ಲರೂ ಹೆದರಿದ್ದರು.

ನವನಗರದ ಹುಡುಗ:

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಗದಗಿಗೆ ಹೋಗಿ ಬಂದೆ. ಆರ್‌ಎಸ್‌ಒ ಮೇಡಂ ಒಳ್ಳೆಯವರು. ಮುಂದಿನ ತ್ರೈಮಾಸಿಕಕ್ಕೆ ನನ್ನ ಹೆಸರು ಸೇರಿಸಿ ಬ್ಯಾಡ್ಜ್ ತರಿಸುತ್ತೇನೆ, ಅಲ್ಲಿಯ ತನಕ ಸೇರಬೇಡ ಎಂದು ಅವರೇ ಹೇಳಿದರು. ನಂಬರ್ ಬೇಕಾಗಿ ಈಗಿರುವ ಸೆಂಟರ್‌ನಲ್ಲಿ ನನ್ನ ಡೋಸ್ ರಿಪೋರ್ಟ್ ಕೇಳಿದೆ. ಎರಡು ವರ್ಷದ ಎಂಟು ರೀಡಿಂಗ್ ಮೊದಲ ಸಲ ನೋಡಿದೆ. ಎಲ್ಲ ಸೊನ್ನೆಯ ಹತ್ತಿರವೇ ಇದೆ. ಪ್ರಿಂಟ್ ತಂದು ಅವ್ವನಿಗೆ ತೋರಿಸಿದೆ. ಅವಳ ಅರ್ಧ ಹೆದರಿಕೆ ಇದರದ್ದೇ ಆಗಿತ್ತು ಎಂದು ಆಮೇಲೆ ಗೊತ್ತಾಯಿತು.

ಪಿಎಫ್‌ಗೆ ಏಜೆನ್ಸಿ ಒಪ್ಪಲಿಲ್ಲ. ಹಳೆಯದನ್ನು ತೆಗೆಯದೆ ಹಾಗೇ ಬಿಡುತ್ತೇನೆ. ಎರಡು ದಿನ ಹಳಬರ ಜೊತೆ ಕೂರಲು ಒಪ್ಪಿದ್ದಾರೆ. ಒಂದೂವರೆ ಪುಟದ ಕಾಗದ ಸಹಿಯಾಗಿದೆ. ಡಾಕ್ಟರು ಇಲ್ಲದೆ ಕಾಂಟ್ರಾಸ್ಟ್ ಕೊಡುವುದಿಲ್ಲ ಎನ್ನುವುದನ್ನೂ ಅದರಲ್ಲಿ ಬರೆಸಿದೆ. ಮಷೀನ್ ಹಿಂದಿ ಮಾತಾಡುತ್ತದೆ ಅಣ್ಣಾ, ಮೊದಲ ವಾರವೇ ನೋಡಿಕೊಳ್ಳುತ್ತೇನೆ.

ವಾರಕ್ಕೆ ಮೂರು ನೈಟ್ ಇದೆ. ಆ ದಿನಗಳಿಗೆ ಒಂದು ರೂಮು ಬೇಕು. ಯಾವ ಕಡೆ ನೋಡಲಿ?

ಮುಂಡರಗಿ ಸಿಟಿ:

ರೈಲ್ವೆ ಸ್ಟೇಷನ್ ಕಡೆ ನೋಡು, ಬೆಳಿಗ್ಗೆ ಡ್ಯೂಟಿ ಮುಗಿಸಿ ನೇರ ಗಾಡಿ ಹತ್ತಬಹುದು. ಅಡ್ವಾನ್ಸ್ ಕೊಡುವ ಮುಂಚೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳು. ಮನೆ ಮಾಲೀಕರನ್ನು ಕೇಳಿದ ಮೇಲೆ ಪಕ್ಕದ ಮನೆಯವರನ್ನೂ ಒಮ್ಮೆ ಕೇಳು.